ಸಾಕೆಟ್ ಹಾಕದೆ ಬಿಡದ ನಮ್ಮ ಮಾವ

ಬ್ರಹ್ಮನ ಕೆಲಸವನ್ನು ಯಾರಾದರೂ ನಮ್ಮ ಮಾವನಿಗೆ ಒಪ್ಪಿಸಿದ್ದರೆ ನಮ್ಮ ನಿಮ್ಮ ತಲೆ ಹೀಗೆ ಕುತ್ತಿಗೆಗೆ ಅಂಟಿಕೊಂಡಿರುತ್ತಿರಲಿಲ್ಲ. ನಡುವೆ ಒಂದು ಸಾಕೆಟ್ ಇರುತ್ತಿತ್ತು! ತಲೆನೋವು ಬಂತೋ, ಮೆಲ್ಲಗೆ ಎಬ್ಬಿಸಿ ತೆಗೆದು, ರಬ್ಬರಿನಿಂದ ನಾಲ್ಕು ಸಲ ತಿಕ್ಕಿ, ಮತ್ತೆ ಒತ್ತಿ ಕೂರಿಸುವುದು. ಮಾತ್ರೆ ಯಾಕೆ, ಡಾಕ್ಟರು ಯಾಕೆ? ಗಂಡ ಹೆಂಡಿರ ಜಗಳ ಜೋರಾದ ದಿನ ಎರಡೂ ಕಿವಿ ಕಳಚಿ ಕಪಾಟಿನಲ್ಲಿಟ್ಟು ಕೆಲಸಕ್ಕೆ ಹೋದರಾಯಿತು. ನಾನು ಇದನ್ನು ಹೇಳಿದರೆ ನೀವು ನಗುತ್ತೀರಿ. ಮಾವ ನಗುವುದಿಲ್ಲ. "ಹಾಂಗೇ ಮಾಡ್ಬೇಕಾಗಿತ್ತು ತಂಗೀ. ದೇವ್ರಿಗೆ ರಿಪೇರಿ ಮಾಡಿ ಗೊತ್ತಿಲ್ಲ, ಬರೀ ತಯಾರು ಮಾಡೂದೊಂದೇ ಗೊತ್ತು," ಎನ್ನುತ್ತಾನೆ.

ಈ ಮಾವ ನನ್ನ ಆಯಿಯ, ಅಂದರೆ ಅಮ್ಮನ, ಒಬ್ಬನೇ ತಮ್ಮ; ಅಕ್ಕನ ಮಗಳಾದ ನನ್ನನ್ನು ತಂಗೀ ಎಂದೇ ಕರೆಯುತ್ತಾನೆ. ಕಾರವಾರದ ಬೈತಖೋಲ ಬಂದರಿನ ಹತ್ತಿರ ಅವನದೊಂದು ರಿಪೇರಿ ಅಂಗಡಿ ಇತ್ತು. ರೇಡಿಯೋ, ಟೀವಿ, ಇನ್ವರ್ಟರು, ಬೋಟಿನವರ ವೈರ್‌ಲೆಸ್ಸು, ಏನು ತಂದರೂ ಸೈ. ಇವೆಲ್ಲದರ ಹೊಟ್ಟೆಯಲ್ಲೂ ಒಂದು ಹಸಿರು ಹಲಗೆ ಇರುತ್ತದೆ, ಹಲಗೆಯ ಮೇಲೆ ಸಾಲುಗಾಲಿನ ಕರಿ ಜಿರಳೆಯ ಹಾಗೆ ಐಸಿ ಎಂಬ ಚಿಪ್‌ಗಳು ಕೂತಿರುತ್ತವೆ. ಐಸಿ ಸತ್ತರೆ ಉಳಿದ ರಿಪೇರಿಯವರು ಹಳೆಯದನ್ನು ಕಿತ್ತು, ಹೊಸದನ್ನು ನೇರವಾಗಿ ಹಲಗೆಗೆ ಬೆಸೆದು, ಕೈ ತೊಳೆದುಕೊಳ್ಳುತ್ತಾರೆ. ಮಾವ ಹಾಗಲ್ಲ. ಅವನು ಮೊದಲು ಹಲಗೆಗೆ ಒಂದು ಸಾಕೆಟ್ ಬೆಸೆಯುತ್ತಾನೆ. ಸಾಕೆಟ್ ಎಂದರೆ ಐಸಿಯ ಒಂದೊಂದು ಕಾಲಿಗೂ ಒಂದೊಂದು ತೂತಿರುವ ಪುಟ್ಟ ಪ್ಲಾಸ್ಟಿಕ್ ಮಣೆ. ಐಸಿಯನ್ನು ಆ ಮಣೆಯ ಮೇಲೆ ಒತ್ತಿ ಕೂರಿಸಿದರೆ ಮುಗಿಯಿತು. ನಾಳೆ ಅದು ಕೆಟ್ಟರೆ ಎಬ್ಬಿಸಿ ತೆಗೆಯಬಹುದು, ಹಲಗೆಗೆ ಮತ್ತೆ ಬಿಸಿ ತಾಗಿಸಬೇಕಾಗಿಲ್ಲ.

"ಬೆಸುಗೆ ಹಾಕಿದ್ದನ್ನ ಜಬರದಸ್ತಿ ಕೀಳೂಕೆ ಹೋದ್ರೆ ಅಡಿಗಿನ ತಾಮ್ರದ ಗೆರೆನೂ ಕಿತ್ಕಂಡು ಬರ್ತದೆ. ಮತ್ತೆ ಆ ಹಲಗೆ ಯಾವ್ದಕ್ಕೂ ಬರೂದಿಲ್ಲ. ಕಿತ್ರೆ ಬರ್ಬೇಕು, ಏನೂ ಹರೀಬಾರ್ದು." ಇದು ಮಾವನ ವೇದ, ಉಪನಿಷತ್ತು, ಎಲ್ಲ.

ಇಷ್ಟೆಲ್ಲ ಹೇಳುವವನ ಬದುಕಿನಲ್ಲಿ ಸಾಕೆಟ್ ಹಾಕದೆ ಬೆಸೆದದ್ದು ಒಂದೇ ಒಂದಿತ್ತು. ಅವನು ನಮ್ಮ ಮನೆಯಲ್ಲಿ ಉಣ್ಣುತ್ತಿರಲಿಲ್ಲ. ಉಣ್ಣುವುದಿರಲಿ, ಹನಿ ನೀರು ಕುಡಿಯುತ್ತಿರಲಿಲ್ಲ. ನನ್ನ ಆಯಿಗೆ ಸೀರೆಯ ಆಸೆ ಇರಲಿಲ್ಲ, ಬಂಗಾರದ ಆಸೆ ಇರಲಿಲ್ಲ. ತಮ್ಮ ಬಂದು ತನ್ನ ಅಡಿಗೆಮನೆಯಲ್ಲಿ ಕೂತು ಒಂದು ತುತ್ತು ಉಣ್ಣಬೇಕು, ಅಷ್ಟೇ.

ಯಾಕೆ ಉಣ್ಣುತ್ತಿರಲಿಲ್ಲ ಎಂದರೆ ಸ್ವಲ್ಪ ಹಿಂದೆ ಹೋಗಬೇಕು. ಆಯಿಯ ತವರು ಚಿತ್ತಾಕುಲ. ಕಾಳಿ ನದಿ ಸಮುದ್ರ ಸೇರುವಲ್ಲಿ ಬಲೆ, ದೋಣಿ, ಒಣಮೀನಿನ ನಡುವೆ ಬೆಳೆದವಳು. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೂ ಅವಳೇ. ಕಾರವಾರದ ಭಾನುವಾರದ ಸಂತೆಯಲ್ಲಿ ಅವಳು ಒಣಮೀನು ಮಾರಲು ಕೂರುತ್ತಿದ್ದಳು. ಪಕ್ಕದಲ್ಲಿ ಅಂಕೋಲೆಯ ಕಡೆಯ ಬೆಳಂಬಾರದಿಂದ ಬಂದ ಒಬ್ಬ ಬಸಳೆ, ಹರಿವೆ ಹರಡಿಕೊಂಡು ಕೂರುತ್ತಿದ್ದ. ಸಂತೆಯಲ್ಲಿ ಬೇರೆ ಜಾಗ ಖಾಲಿ ಇದ್ದರೂ ಅಲ್ಲೇ ಕೂರುತ್ತಿದ್ದ. ಒಣಮೀನಿನ ವಾಸನೆ ಸಹಿಸಿಕೊಂಡು ವಾರ ವಾರ ಪಕ್ಕದಲ್ಲೇ ಕೂರುವ ಗಂಡಸು ಎಲ್ಲಿ ಸಿಗುತ್ತಾನೆ ಹೇಳಿ? ಆಯಿ ಅವನನ್ನೇ ಮದುವೆಯಾದಳು. ಅವನೇ ನನ್ನ ಅಪ್ಪ.

ಜಾತಿ ಬೇರೆ, ಊರು ಬೇರೆ, ಕಸುಬು ಬೇರೆ. ಸಮುದ್ರದವರ ಮಗಳು ಗದ್ದೆಯ ಕೆಸರಿಗೆ ಹೋದಳೆಂದು ಅಜ್ಜ ಕೆಂಡವಾದ. ಮಗಳು ಈ ಹೊಸ್ತಿಲು ತುಳಿಯಬಾರದು ಎಂದ. ಅಷ್ಟಕ್ಕೆ ಸಿಟ್ಟು ಇಳಿಯದೆ, ಆಗಿನ್ನೂ ಮೀಸೆ ಕೂಡ ಸರಿಯಾಗಿ ಬಂದಿರದ ಮಾವನ ಕೈಯನ್ನು ದೋಣಿಯ ಮೂತಿಯ ಮೇಲೆ ಇಡಿಸಿ ಆಣೆ ಮಾಡಿಸಿದ: ಅಕ್ಕನ ಮನೆಯ ಅನ್ನ ಉಣ್ಣುವುದಿಲ್ಲ, ನೀರು ಮುಟ್ಟುವುದಿಲ್ಲ. ಹೋಗಬೇಡ ಎಂದು ಹೇಳುವುದನ್ನು ಮಾತ್ರ ಅಜ್ಜ ಮರೆತ. ಊಟವಿಲ್ಲದ ಮನೆಗೆ ಯಾರು ಹೋಗುತ್ತಾರೆ ಎಂದುಕೊಂಡನೋ ಏನೋ! ಆದರೆ ಸುಮ್ಮನೆ ಹೋಗಿ ಬರಲೂ ಆಗುತ್ತಿರಲಿಲ್ಲ. ಎಲ್ಲಿಗೆ, ಯಾಕೆ ಎಂದು ಅಜ್ಜ ಕೇಳಿದರೆ ಹೇಳಲು ಒಂದು ಕೆಲಸ ಬೇಕಲ್ಲ.

ಆ ಕೆಲಸದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಮಾವನ ಸಾಕೆಟ್ ಎಂಥದ್ದು ಎಂದು ನಿಮಗೆ ಮನದಟ್ಟಾಗಬೇಕು.

ಒಮ್ಮೆ ಬೋಟು ನಡೆಸುವ ತಾಂಡೇಲನೊಬ್ಬ ಫಿಶ್ ಫೈಂಡರ್ ಹೊತ್ತು ತಂದ. ನೀರಿನಡಿಯಲ್ಲಿ ಮೀನು ಎಲ್ಲಿದೆ ಎಂದು ಪರದೆಯ ಮೇಲೆ ತೋರಿಸುವ ಯಂತ್ರ ಅದು.

"ಲಗೂನೆ ಮಾಡ್ಕೊಡು, ಸಂಜಿಗೆ ಬೋಟ್ ಬಿಡೂದದೆ."

"ಸಾಕೆಟ್ ಹಾಕೂಕೆ ಹೊತ್ತಾತದೆ."

"ನಂಗೆ ಮೀನ ಕಂಡ್ರೆ ಸಾಕು ಮಾರಾಯಾ! ನಿನ್ ಸಾಕೆಟ್ ಯಾರಿಗೆ ಬೇಕು?"

"ಮೀನ ಇವತ್ತಿಗೆ. ಸಾಕೆಟ್ ನಾಳಿಗೆ," ಎಂದು ಮಾವ ಹಾಕಿಯೇ ಕಳಿಸಿದ. ಬೋಟು ನಡುಸಮುದ್ರಕ್ಕೆ ಹೋದಾಗ ಎಂಜಿನ್ನಿನ ನಡುಕಕ್ಕೆ ಐಸಿ ಸಾಕೆಟ್ಟಿನಿಂದ ಎದ್ದುಬಂದು ಪರದೆ ಕಪ್ಪಾಯಿತು. ತಾಂಡೇಲ, ಮಾವ ಹೇಳಿಕೊಟ್ಟಿದ್ದ ಹಾಗೆ, ಡಬ್ಬ ಬಿಚ್ಚಿ ಹೆಬ್ಬೆರಳಿನಿಂದ ಒತ್ತಿದ. ಮೀನು ಮತ್ತೆ ಕಂಡಿತು. ಬಂದರಿಗೆ ಮರಳಿದವನನ್ನು ಮಾವ ಎದೆಯುಬ್ಬಿಸಿಕೊಂಡು ಎದುರುಗೊಂಡ.

"ಕಂಡ್ಯಾ? ಸಾಕೆಟ್ ಇತ್ತು ಹೇಳಿ ಒತ್ತಿದ ಕೂಡ್ಲೆ ಸರಿಯಾತು!"

"ಸಾಕೆಟ್ ಇಲ್ದೇ ಇದ್ರೆ ಅದು ಏಳ್ತಲೇ ಇರ್ಲಿಲ್ಲಲೋ!"

ಮಾವ ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಬಹಳ ಗಂಭೀರವಾಗಿ, "ಎದ್ದದ್ದಕ್ಕೇ ಅಲ್ಲಾ ನಿಂಗೆ ಒತ್ತೂಕೆ ಬರ್ತದೆ ಹೇಳಿ ಗೊತ್ತಾದದ್ದು?" ಎಂದ. ತಾಂಡೇಲ ನಾಲ್ಕು ಬಂಗಡೆ ಮೀನು ಬೆಂಚಿನ ಮೇಲಿಟ್ಟು ಕೈ ಮುಗಿದು ಹೋದ.

ಮನೆಯಲ್ಲೂ ಇದೇ ಕಥೆ. ಚಿತ್ತಾಕುಲದ ಮನೆಯಲ್ಲಿ ಕಿತ್ತರೆ ಬಾರದ ವಸ್ತು ಒಂದಿಲ್ಲ. ಕನ್ನಡಿ ಕೊಕ್ಕೆಗೆ, ಮಂಚ ಬೋಲ್ಟಿಗೆ, ದೇವರ ಪಟ ಹಗ್ಗಕ್ಕೆ. ಅತ್ತೆ, ಅಂದರೆ ಮಾವನ ಹೆಂಡತಿ, ಮದುವೆಯಾಗಿ ಬಂದ ಹೊಸತರಲ್ಲಿ ಕಪಾಟು ತೆಗೆಯಲು ಹೋದರೆ ಬಾಗಿಲೇ ಪೂರ್ತಿ ಕೈಗೆ ಬಂತಂತೆ. ಬಂದ ವಾರದಲ್ಲೇ ಮನೆ ಮುರಿದೆನೆಂದು ಹೆದರಿ, ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಮಾವ ಬರುವ ತನಕ ನಿಂತಿದ್ದಳಂತೆ. ಮಾವನಿಗೆ ಹೆಂಡತಿಯ ಮುಖ ಕಾಣಲಿಲ್ಲ, ಬಾಗಿಲು ಕಂಡಿತು. "ಬಂತಾ? ಎಷ್ಟು ಚೆಂದ ಬಂತು ನೋಡು, ಒಂದ್ ಚೂರೂ ಹರೀಲಿಲ್ಲ!" ಎಂದು ಖುಷಿಪಟ್ಟ. ಅತ್ತೆ ಇಂದಿಗೂ ಯಾರಾದರೂ ಮನೆಗೆ ಬಂದರೆ ಮೊದಲು ಹೇಳುವುದು "ಕೂತ್ಕಳಿ" ಎಂದಲ್ಲ, "ಮೆಲ್ಲಗೆ ಕೂತ್ಕಳಿ" ಎಂದು.

ಅವರ ಮದುವೆಯಲ್ಲಿ ಆದದ್ದನ್ನೂ ಹೇಳಿಬಿಡುತ್ತೇನೆ. ಐಸಿಯ ಒಂದು ತುದಿಯಲ್ಲಿ ಉಗುರಿನಷ್ಟು ಕಚ್ಚು ಇರುತ್ತದೆ. ಆ ಗುರುತು ನೋಡದೆ ಉಲ್ಟಾ ಕೂರಿಸಿದರೆ ಐಸಿ ಸುಟ್ಟು ಹೋಗುತ್ತದೆ. ಮಂಟಪದಲ್ಲಿ ಭಟ್ಟರು ಹೆಣ್ಣನ್ನು ಒಮ್ಮೆ ಬಲಕ್ಕೆ ಕೂರಿಸಿ, ಆಮೇಲೆ ಎಡಕ್ಕೆ ಕೂರಿಸಲು ಹೇಳಿದಾಗ ಮಾವ ಕಂಗಾಲಾಗಿ, "ಭಟ್ರೇ, ಸರಿಯಾಗಿ ನೋಡ್ಕಂಡು ಹೇಳಿ. ಉಲ್ಟಾ ಆದ್ರೆ ಹೊಗೆ ಬರ್ತದೆ!" ಎಂದನಂತೆ. ಹೋಮಕುಂಡದಿಂದ ಆಗಲೇ ಹೊಗೆ ಬರುತ್ತಿತ್ತು. ಆ ಮದುವೆಗೆ ಆಯಿಗೆ ಕರೆ ಇರಲಿಲ್ಲ. ಈ ಮಾತನ್ನು ಬೇರೆಯವರ ಬಾಯಿಂದ ಕೇಳಿ, ತಾನೇ ಮಂಟಪದ ಪಕ್ಕದಲ್ಲಿ ನಿಂತು ನೋಡಿದ ಹಾಗೆ ನಮಗೆಲ್ಲ ಹೇಳಿ ನಗಿಸುತ್ತಿದ್ದಳು. ನಕ್ಕು ಮುಗಿದ ಮೇಲೆ ಎದ್ದು ಹೋಗಿ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಇನ್ನು ಆ ಕೆಲಸದ ವಿಷಯ. ನಮ್ಮ ಮನೆಗೆ ಟೀವಿ ಬಂತು, ಆ ಮಳೆಗಾಲದಲ್ಲೇ ಅದರ ಆವಾಜು ಹೋಯಿತು. ಚಿತ್ರ ಮಾತ್ರ ಕುಣಿಯುತ್ತಿತ್ತು. ಅಂಕೋಲೆ ಪೇಟೆಯಲ್ಲಿ ಇಷ್ಟು ರಿಪೇರಿಯವರಿರುವಾಗ ಅಪ್ಪ ಹೇಳಿಕಳಿಸಿದ್ದು ಮಾತ್ರ ಬೈತಖೋಲಕ್ಕೆ. ಮಾವ ಸ್ಕೂಟರಿನಲ್ಲಿ ಬಂದ. ಟೀವಿಯ ಬೆನ್ನು ಬಿಚ್ಚಿದ. ಸತ್ತ ಐಸಿಯನ್ನು ಕಿತ್ತು, ಸಾಕೆಟ್ ಹಾಕಿ, ಹೊಸ ಐಸಿ ಕೂರಿಸಿ, ಆಯಿಯನ್ನು ಹತ್ತಿರ ಕರೆದು ತೋರಿಸಿದ.

"ನೋಡು ಅಕ್ಕಾ, ಆವಾಜಿನ ಐಸಿ ಇದು. ಇದು ಒಂಚೂರು ಎದ್ರೂ ಆವಾಜ್ ಬಂದ್."

ಬೆನ್ನಿನ ಮುಚ್ಚಳದ ಸ್ಕ್ರೂ ತೆಗೆದು ಎರಡು ಕೊಕ್ಕೆ ಹಾಕಿ ಹೋದ. ಅಲ್ಲಿಂದ ಶುರುವಾಯಿತು ನೋಡಿ! ಒಳ್ಳೆ ಧಾರಾವಾಹಿ ನಡೆಯುತ್ತಿರುವಾಗ ನಮ್ಮ ಟೀವಿ ಮೂಕಾಗುತ್ತಿತ್ತು. ಮಾವನಿಗೆ ಫೋನು ಹೋಗುತ್ತಿತ್ತು. ಅವನು ಬಂದು, ಐಸಿ ತೆಗೆದು, ಕಾಲುಗಳನ್ನು ರಬ್ಬರಿನಿಂದ ತಿಕ್ಕಿ, ಒತ್ತಿ ಕೂರಿಸಿ, ಊರಿಗೆಲ್ಲ ಕೇಳುವ ಹಾಗೆ ಘೋಷಿಸುತ್ತಿದ್ದ: "ಉಪ್ಪುಗಾಳಿ!"

"ಹೌದು. ಈ ಸಲ ಗಾಳಿ ಜೋರು," ಎಂದು ಆಯಿ ತಲೆಯಾಡಿಸುತ್ತಿದ್ದಳು. ಎದುರಿನ ತೆಂಗಿನ ಮರದ ಒಂದು ಗರಿಯೂ ಅಲ್ಲಾಡುತ್ತಿರಲಿಲ್ಲ.

ಚಿತ್ತಾಕುಲದ ಮನೆಯಲ್ಲಿ ಅಜ್ಜ ಕೇಳುತ್ತಿದ್ದನಂತೆ, "ಎಲ್ಲಿಗೆ ಹೊರಟ್ಯೋ?" "ಬೆಳಂಬಾರಕ್ಕೆ, ರಿಪೇರಿಗೆ." "ಮತ್ತೆ ಕೆಟ್ತಾ?" "ಉಪ್ಪುಗಾಳಿ ಅಪ್ಪಾ." ಜೀವಮಾನವಿಡೀ ಉಪ್ಪುಗಾಳಿ ಕುಡಿದು ಬದುಕಿದ ಅಜ್ಜನಿಗೆ ಅದು ಎಷ್ಟು ಕೆಡಿಸುತ್ತದೆ, ಎಷ್ಟು ಬಿಡುತ್ತದೆ ಎಂದು ಗೊತ್ತಿರಲಿಲ್ಲವೇ? ಆದರೂ ತಡೆಯಲಿಲ್ಲ. ಸಂಜೆ ಮಾವ ಮರಳಿದ ಮೇಲೆ ಬಲೆ ಸರಿಮಾಡುತ್ತ, ಮುಖ ಎತ್ತದೆ, "ಆ ಸೆಟ್ ಹೆಂಗದೆ ಈಗ?" ಎನ್ನುತ್ತಿದ್ದ. "ಚಲೋ ಅದೆ" ಎಂದರೆ ಬಲೆಯ ಮುಂದಿನ ಗಂಟು ಹಾಕುತ್ತಿದ್ದ. ಕೇಳಿದ್ದು ಮಗಳ ಬಗ್ಗೆ ಎಂದು ಮಾವನಿಗೆ ಗೊತ್ತಿತ್ತು. ಹಾಗೆಂದು ಅಜ್ಜ ಆಣೆಯನ್ನು ವಾಪಸು ತೆಗೆದುಕೊಳ್ಳಲಿಲ್ಲ, ಸಾಯುವ ತನಕವೂ.

ಮಾವ ಬರುವಾಗ ಸ್ಕೂಟರಿನಲ್ಲಿ ಎರಡು ಚೀಲ. ಒಂದರಲ್ಲಿ ರಿಪೇರಿಯ ಹತಾರ. ಇನ್ನೊಂದರಲ್ಲಿ ಅತ್ತೆ ಕಟ್ಟಿಕೊಟ್ಟ ಊಟದ ಡಬ್ಬಿ, ನೀರಿನ ಬಾಟಲಿ. ಆಯಿ ಅವನು ಬರುವ ದಿನ ಬೆಳಿಗ್ಗೆಯೇ ಮೀನು ತಂದು, ಕೊಬ್ಬರಿ ಅರೆದು, ಸಾರು ಕುದಿಸಿ, ಬಾಳೆಲೆ ತೊಳೆದು ಇಟ್ಟಿರುತ್ತಿದ್ದಳು. ಉಣ್ಣುವುದಿಲ್ಲ ಎಂದು ಗೊತ್ತಿದ್ದೂ ಇಡುತ್ತಿದ್ದಳು. ಮಾವ ಜಗಲಿಯಲ್ಲಿ ಕೂತು ಡಬ್ಬಿ ಬಿಚ್ಚಿದರೆ ಆಯಿ ಎದುರಿನ ಕಂಬಕ್ಕೆ ಒರಗಿ ಕೂರುತ್ತಿದ್ದಳು.

"ಇವತ್ತು ಎಂತ ಸಾರು ಹಾಕ್ಯದೆ ನಿನ್ ಹೆಂಡ್ತಿ?"

"ಬಂಗಡೆ."

"ನಾನೂ ಬಂಗಡೆದೇ ಮಾಡಿದ್ದೆ."

"ಪರಿಮಳ ಬಂತು."

ಅಷ್ಟೇ ಮಾತು. ವಾಸನೆ ನೋಡಬಾರದು ಎಂದು ಆಣೆಯಲ್ಲಿ ಇರಲಿಲ್ಲವಲ್ಲ! ಮಾವ ಅತ್ತೆಯ ಅನ್ನ ಉಣ್ಣುತ್ತ, ಆಯಿಯ ಸಾರಿನ ವಾಸನೆ ಎಳೆದುಕೊಳ್ಳುತ್ತ, ಎಷ್ಟು ನಿಧಾನಕ್ಕೆ ಆಗುತ್ತದೋ ಅಷ್ಟು ನಿಧಾನಕ್ಕೆ ಊಟ ಮುಗಿಸುತ್ತಿದ್ದ. ಅವನು ಹೋದ ಮೇಲೆ ಆ ಎಲೆಯ ಮುಂದೆ ನಾನು ಕೂರಬೇಕಾಗುತ್ತಿತ್ತು. ಆಯಿ ನನಗೆ ಬಡಿಸುತ್ತಿದ್ದಳು, ಕಣ್ಣು ಮಾತ್ರ ಅಂಗಳದ ಕಡೆಗೆ.

ಅಪ್ಪನಿಗೆ ಇದನ್ನು ನೋಡಲು ಆಗುತ್ತಿರಲಿಲ್ಲ. ಪಾಪದ ಮನುಷ್ಯ, ತನ್ನಿಂದಲೇ ಆದದ್ದಲ್ಲವೇ ಎಂದು ಆಣೆಗೆ ಒಂದು ಕಿಂಡಿ ಹುಡುಕುತ್ತಲೇ ಇದ್ದ. ಒಮ್ಮೆ ಎಳನೀರು ಕೊಯ್ದು ತಂದ.

"ಭಾವಾ, ಇದು ಮನೆದಲ್ಲ, ಮರದ್ದು. ಕುಡಿ."

"ಮರ ಯಾರದು?"

"ಹಿತ್ತಲದ್ದು."

"ಹಿತ್ತಲ ಯಾರದು?"

ಅಪ್ಪ ಎಳನೀರನ್ನು ತಾನೇ ಕುಡಿದ. ಇನ್ನೊಮ್ಮೆ ಬೇಲಿಯ ಆಚೆ, ಪಕ್ಕದವರ ಗೇರುಮರದ ಕೆಳಗೆ ಮಣೆ ಹಾಕಿ ಎಲೆ ಇಡಿಸಿದ. "ಇದು ನಮ್ ಜಾಗನೇ ಅಲ್ಲ ಮಾರಾಯಾ. ಪಂಚಾಯ್ತಿಲಿ ಬೇಕಾದ್ರೆ ಕೇಳು!" ಮಾವ ಬೇಲಿಯನ್ನು ನೋಡಿದ, ಮರವನ್ನು ನೋಡಿದ, ಎಲೆಯ ಮೇಲೆ ಹಬೆಯಾಡುತ್ತಿದ್ದ ಅನ್ನವನ್ನು ಬಹಳ ಹೊತ್ತು ನೋಡಿದ. "ಜಾಗ ಅವರದು ಖರೆ. ಅಕ್ಕಿ?" ಎಂದ. ಅಪ್ಪ ಸೋತ. ಕೊನೆಯ ತನಕ ಭಾವನಿಗೆ ಒಂದು ಲೋಟ ಮಜ್ಜಿಗೆ ಕುಡಿಸಲಾಗದೆಯೇ ಅವನು ಹೋಗಿಬಿಟ್ಟ.

ಅಜ್ಜನೂ ಹೋದ ಮೇಲೆ ಆಯಿ ತವರಿಗೆ ಹೋಗಿ ಬರುವ ಹಾಗಾಯಿತು. ಅತ್ತೆ ಬಡಿಸಿದ್ದನ್ನು ಉಂಡು, ಮೆಲ್ಲಗೆ ಕೂತು, ಮೆಲ್ಲಗೆ ಎದ್ದು ಬರುತ್ತಿದ್ದಳು. ಮಾವ ಮಾತ್ರ ನಮ್ಮಲ್ಲಿ ಡಬ್ಬಿ ಬಿಡಲಿಲ್ಲ. ನಾನೊಮ್ಮೆ ಅವನ ಅಂಗಡಿಯಲ್ಲೇ ಜಗಳ ತೆಗೆದೆ. ಅಜ್ಜನೇ ಇಲ್ಲ, ಇನ್ನೂ ಎಂಥ ಆಣೆ? ಬಾಗಿಲನ್ನೇ ಕಿತ್ತು ಕೈಗೆ ಕೊಡುವವನಿಗೆ ಒಂದು ಮಾತು ಕೀಳಲು ಬರುವುದಿಲ್ಲವೇ?

"ಅದು ಸಾಕೆಟ್ಟಲ್ಲ ತಂಗೀ, ಬೆಸುಗೆ," ಎಂದ. "ಎಳೆದ್ರೆ ಅಪ್ಪನೂ ಹರ್ಕಂಡು ಬರ್ತ ಅದ್ರ ಸಂಗ್ತಿಗೆ. ಮತ್ತೆ ಜೋಡಿಸೂಕೆ ನಂಗೆ ಬರೂದಿಲ್ಲ."

ಅವನೇ ಮಾತು ಬದಲಿಸಲು ಡ್ರಾವರಿನಿಂದ ಒಂದು ಸಾಕೆಟ್ ತೆಗೆದು ಅಂಗೈಯಲ್ಲಿಟ್ಟ. ಉಳಿದವುಗಳ ಹಾಗಲ್ಲ, ತೂತುಗಳ ಒಳಗೆ ಬಂಗಾರದ ಬಣ್ಣ.

"ಇದು ಗೋವಾದಿಂದ ತರ್ಸೂದು. ತುಕ್ಕು ಹಿಡಿಯೂದಿಲ್ಲ, ಸಡ್ಲ ಆಗೂದಿಲ್ಲ. ನಿಮ್ಮನೆ ಟೀವಿಗೆ ಇದೇ ಹಾಕಿದ್ದೆ, ಮೊದ್ಲ ದಿನನೇ."

"ಮತ್ತೆ ಆವಾಜು ಹೋಗ್ತಾ ಇರುದು?"

ಮಾವ ಬಾಗಿಲ ಕಡೆ ನೋಡಿ ದನಿ ಇಳಿಸಿದ. "ಅದು ತಾನಾಗಿ ಏಳೂದಿಲ್ಲ. ನಿನ್ನ ಆಯಿ ಎಬ್ಬಿಸ್ತದೆ. ಸೇಫ್ಟಿ ಪಿನ್ನಿನ ಗೀರು ಕಾಣ್ತದೆ ನಂಗೆ. ಸಾಕೆಟ್ ಹಾಕಿದ್ದು ಸಡ್ಲ ಆಗ್ಲಿ ಹೇಳಿ ಅಲ್ಲ, ಅಕ್ಕನ ಮನೆ ಸೆಟ್ಟು ಹೇಳಿ ಚಲೋದು ಹಾಕಿದ್ದೆ. ಆದ್ರೆ ನಿನ್ನ ಆಯಿಗೆ ನಾ ಬರೂದು ಬೇಕಾಗ್ತದೆ."

ನನಗೆ ನಗು ಬಂತು. ಮಾವ ಅದನ್ನು ಗಮನಿಸಲಿಲ್ಲ. ಅವನ ತಲೆಬಿಸಿ ಬೇರೆಯೇ ಇತ್ತು.

"ಒಂದ್ ಬದಿಂದಷ್ಟೇ ಎಬ್ಬಿಸ್ತದೆ ತಂಗೀ, ಕಾಲು ಡೊಂಕಾತದೆ! ಎರಡೂ ಬದಿಂದ ಸಮಾ ಎಬ್ಬಿಸ್ಬೇಕು ಹೇಳಿ ಹೆಂಗಾರೂ ತಿಳ್ಸು. ಮತ್ತೆ ಪ್ಲಗ್ ಕಿತ್ತೇ ಮಾಡ್ತದಾ ನೋಡು, ಟೀವಿ ಹೊಟ್ಟಿಲಿ ಕರೆಂಟ್ ಇರ್ತದೆ. ನಾ ಹೇಳ್ದೆ ಹೇಳಿ ಮಾತ್ರ ಹೇಳ್ಬೇಡ!"

ಹೇಗೆ ಹೇಳಲಿ? ಮನೆಗೆ ಬಂದು ಗೋಡೆಗೆ ಹೇಳುವ ಹಾಗೆ, "ಯಾವುದನ್ನೇ ಎಬ್ಬಿಸುವಾಗ ಪ್ಲಗ್ ಕಿತ್ತು, ಎರಡೂ ಬದಿಯಿಂದ ಸಮನಾಗಿ ಎಬ್ಬಿಸಬೇಕಂತೆ," ಎಂದೆ. ಆಯಿ ದೋಸೆ ಮಗುಚುತ್ತಿದ್ದಳು. ತಿರುಗಿ ನೋಡದೆ, "ದೋಸೆಗೆ ಪ್ಲಗ್ ಎಲ್ಲದೆ?" ಎಂದಳು. ಕಿವಿ ಮಾತ್ರ ಕೆಂಪಾಗಿತ್ತು. ಅದಾದ ಮೇಲೆ ಐಸಿಯ ಕಾಲು ಡೊಂಕಾಗಿಲ್ಲ ಎಂದು ಮಾವ ವರದಿ ಕೊಟ್ಟ.

ವಯಸ್ಸು ಯಾರನ್ನು ಬಿಡುತ್ತದೆ? ಮಾವನ ಹಲ್ಲು ಹೋದವು. ಹಲ್ಲಿನ ಡಾಕ್ಟರು ದವಡೆಗೇ ಸ್ಕ್ರೂ ಹಾಕಿ ಪರ್ಮನೆಂಟಾಗಿ ಕೂರಿಸುತ್ತೇನೆ ಎಂದರು. "ಪರ್ಮನೆಂಟ್ ಬೇಡ ಡಾಕ್ಟ್ರೇ, ತೆಗೂಕೆ ಬರೂದೇ ಹಾಕಿ!" ಎಂದು ಮಾವ ಕುರ್ಚಿಯಿಂದ ಎದ್ದೇ ನಿಂತ. ಈಗ ಮಾತಿನ ನಡುವೆ ಹಲ್ಲಿನ ಸೆಟ್ಟು ಸಡಿಲವಾದರೆ ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿ, "ಉಪ್ಪುಗಾಳಿ" ಎಂದು ಮಾತು ಮುಂದುವರಿಸುತ್ತಾನೆ.

ಹಲ್ಲಿಗೆ ಸಾಕೆಟ್ ಸಿಕ್ಕಿತು, ಕೈಗೆ ಸಿಗಲಿಲ್ಲ. ಬಲಗೈ ನಡುಗಲು ಶುರುವಾಯಿತು. ಅದೇ ಹೊತ್ತಿಗೆ ಐಸಿಗಳೂ ಎಳ್ಳಿನಷ್ಟು ಸಣ್ಣವಾಗಿ, ಹಲಗೆಗೆ ಅಂಟಿಕೊಂಡೇ ಹುಟ್ಟತೊಡಗಿದವು. ಅವಕ್ಕೆ ಸಾಕೆಟ್ ಹಾಕುವ ಮಾತೇ ಇಲ್ಲ. ಹೋದ ಮಳೆಗಾಲದಲ್ಲಿ ಮಾವ ಅಂಗಡಿ ಮುಚ್ಚಿದ. ಸ್ಕೂಟರನ್ನೂ ಕೊಟ್ಟ.

ನಮ್ಮ ಹಳೆಯ ಟೀವಿಯೂ ಆಗಲೇ ಕಣ್ಣು ಮುಚ್ಚಿತು. ಈ ಸಲ ನಿಜವಾಗಿಯೇ ಕೆಟ್ಟಿತ್ತು, ಪಿನ್ನಿನಿಂದಲ್ಲ. ಅಂಕೋಲೆಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು ನಾನು, ಸಂಬಳ ಬಂದ ವಾರ ಒಂದು ದೊಡ್ಡ ಟೀವಿ ತಂದು ಗೋಡೆಗೆ ತೂಗುಹಾಕಿಸಿದೆ. ಕನ್ನಡಿಯಷ್ಟು ತೆಳು. ಆಯಿ ಅದರ ಹಿಂದೆ ಕೈ ಹಾಕಿ ನೋಡಿದಳು. ಬೆನ್ನೇ ಇಲ್ಲ! ಕೊಕ್ಕೆಯಿಲ್ಲ, ಬಿಚ್ಚಲು ಜಾಗವಿಲ್ಲ. ದಿನ ಹೋಯಿತು, ತಿಂಗಳು ಹೋಯಿತು. ಬಂದವರು ಹೋದವರೆಲ್ಲ ಟೀವಿಯನ್ನು ಹೊಗಳಿದರು. ಆಯಿ ಮುಖ ಊದಿಸಿಕೊಂಡು ಅದರ ಎದುರು ಕೂರುತ್ತಿದ್ದಳು.

"ಏನಾಯ್ತು ಆಯಿ, ಟೀವಿ ಸರಿ ಇಲ್ಲವಾ?"

"ಅದೇ ಮತ್ತೆ! ಎಂಥಾ ಟೀವಿ ತಂದ್ಯೇ? ಕೆಡೂದೇ ಇಲ್ಲ!"

ಚಿತ್ತಾಕುಲಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದರೆ ಅವಳ ಮಂಡಿ ಬಸ್ಸು ಹತ್ತಲು ಬಿಡುವುದಿಲ್ಲ. ಮಾವನಿಗೆ ಬಾ ಎಂದು ಸುಮ್ಮನೆ ಹೇಳಬಾರದೇ ಎಂದರೆ, ಹಾಗೆ ಕರೆದು ಅವಳಿಗೆ ರೂಢಿಯೇ ಇಲ್ಲ. ಇಷ್ಟು ವರ್ಷ ಕರೆದದ್ದೆಲ್ಲ ಟೀವಿಗೆ. ಅಕ್ಕ ಸುಮ್ಮನೆ ಕರೆದರೆ ಊಟಕ್ಕೆ ಕರೆದ ಹಾಗಾಗುತ್ತದೆ, ಅವನು ಹೇಗೆ ಬಂದಾನು?

ಮೊನ್ನೆ ಭಾನುವಾರ ಬೆಳಿಗ್ಗೆ ನಾನು ಪೇಪರು ತಿದ್ದುತ್ತಿದ್ದೆ. ಟೀವಿಯಲ್ಲಿ ಯಾರೋ ಅಡಿಗೆ ಮಾಡಿ ತೋರಿಸುತ್ತಿದ್ದರು, ಒಗ್ಗರಣೆಯ ಚಟಪಟ ಮನೆಯೆಲ್ಲ ತುಂಬಿತ್ತು. ಆಯಿ ಟೀವಿಯ ಎದುರೇ ನಿಂತು ಮಾವನಿಗೆ ಫೋನು ಹಚ್ಚಿದಳು.

"ತಮಾ, ಟೀವಿ ಕೆಟ್ಟದ್ಯೋ."

ಮಾವನ ದನಿ ನನಗೂ ಕೇಳುತ್ತಿತ್ತು. "ಹೌದಾ? ಎಂತಾಯ್ತು?"

"ಆವಾಜೇ ಇಲ್ಲ!" ಎಂದು ಆಯಿ ಒಗ್ಗರಣೆಯ ಸದ್ದನ್ನು ಮೀರಿ ಕೂಗಿದಳು. ಟೀವಿಯವಳು ಅಷ್ಟೇ ಜೋರಾಗಿ ರುಚಿಗೆ ತಕ್ಕಷ್ಟು ಉಪ್ಪು ಹಾಕಲು ಹೇಳುತ್ತಿದ್ದಳು. ಅದು ಆಚೆ ಮಾವನಿಗೂ ಕೇಳಿರಲೇಬೇಕು.

"ಒಂಚೂರೂ ಇಲ್ಲನಾ?"

"ಒಂಚೂರೂ ಇಲ್ಲ!"

"ಹಾಂಗಾದ್ರೆ ನಾನೇ ಬಂದು ನೋಡ್ಬೇಕು," ಎಂದ ಮಾವ. "ಬತ್ತೆ."

ಅಂದೇ ಮಧ್ಯಾಹ್ನ ಬಸ್ಸಿನಲ್ಲಿ ಬಂದ. ಅಂಕೋಲೆ ಸ್ಟ್ಯಾಂಡಿನಿಂದ ನಾನು ರಿಕ್ಷಾದಲ್ಲಿ ಕರೆತಂದೆ. ಹೆಗಲಿಗೆ ಒಂದೇ ಚೀಲ ಇತ್ತು, ನಾನು ಅದನ್ನು ಗಮನಿಸಲಿಲ್ಲ. ಆಯಿ ಗಮನಿಸಿದಳು. ಜಗಲಿ ಹತ್ತಿದವನ ಮುಖ ನೋಡುವ ಮೊದಲು ಅವನ ಎರಡೂ ಕೈ ನೋಡಿದಳು. ಟೀವಿ ಹಾಡುತ್ತಲೇ ಇತ್ತು. ಮಾವ ಅದರ ಕಡೆ ತಿರುಗಲಿಲ್ಲ.

"ಡಬ್ಬಿ ಮರ್ತು ಬಂದೆ ಅಕ್ಕಾ," ಎಂದ.

ಸ್ಕ್ರೂ ಒಂದು ಕಳೆದರೆ ಮೂರು ದಿನ ಹುಡುಕುವವನು! ಆಯಿ ಕಂಬ ಹಿಡಿದುಕೊಂಡಳು. ನಾನೇ ಕೇಳಿದೆ. "ಮಾವಾ, ಆಣೆ?"

ಮಾವ ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡ. "ಬೆಸುಗೆ ಹಾಕಿದ್ದೂ ಬರ್ತದೆ ತಂಗೀ. ಎಳೀಬಾರ್ದು ಅಷ್ಟೇ. ಒಂದೊಂದೇ ಕಾಲಿಗೆ ನಿಧಾನ ಬಿಸಿ ತಾಗಿಸ್ತಾ ಹೋಗ್ಬೇಕು. ಅಪ್ಪನ ಮೇಲೆ ಸಿಟ್ಟು ಬಂದಾಗೆಲ್ಲ ಕೀಳೂಕೆ ನೋಡ್ದೆ, ಬರ್ಲಿಲ್ಲ. ಈಗ ಸಿಟ್ಟೇನೂ ಇಲ್ಲ. ಅವ ಸೆಟ್ ಹೆಂಗದೆ ಹೇಳಿ ಕೇಳೂದೇ ನೆನಪಾಗ್ತದೆ. ಬೆಸುಗೆ ತಾನೇ ಬಿಟ್ಕಂತು." ಆಮೇಲೆ ಅಕ್ಕನ ಕಡೆ ತಿರುಗಿ, "ಹಸಿವಾಗ್ತದೆ," ಎಂದ.

ಆಯಿ ಅಳಲಿಲ್ಲ. ಅಳಲು ಅವಳಿಗೆ ಪುರಸೊತ್ತು ಎಲ್ಲಿತ್ತು? ಮಂಡಿನೋವು ಎಲ್ಲಿ ಹೋಯಿತೋ, ಮಣೆ ಹಾಕಿದಳು, ಎಲೆ ಹಾಸಿದಳು, ನೀರಿಟ್ಟಳು. ಕುಚಲಕ್ಕಿ ಅನ್ನ, ಬಂಗಡೆಯ ಸಾರು. ಮಾವ ಅಡಿಗೆಮನೆಯ ಒಳಗೆ ಮೊದಲ ಸಲ ಕಾಲಿಟ್ಟು, ತಲೆ ತಗ್ಗಿಸಿ ಕೂತ. ಅನ್ನ ಕಲಸಿದ, ಬೆರಳು ನಡುಗಿ ಅಗುಳು ಎಲೆಯ ತುಂಬ ಚೆಲ್ಲಿತು. ಮೀನಿನ ಮುಳ್ಳು ಬಿಡಿಸಲು ಆಗಲಿಲ್ಲ. ಆಯಿ ಎಲೆಯ ಪಕ್ಕ ಕೂತು ಮುಳ್ಳು ಬಿಡಿಸಿ, ತುತ್ತು ಮಾಡಿ ಅವನ ಬಾಯಿಗೆ ಹಿಡಿದಳು. ಮಾವ ಬಾಯಿ ತೆರೆದ.

ಬಹಳ ಹೊತ್ತು ಅಗಿದ. ಅವನ ಕಣ್ಣು ತುಂಬಿಕೊಂಡಿತ್ತು, ಅದನ್ನು ಹೇಗೆ ಮುಚ್ಚಬೇಕೆಂದು ತಿಳಿಯದೆ ಆಯಿಯನ್ನು ಗದರಿದ.

"ಉಪ್ಪು ಕಮ್ಮಿ ಆಯ್ತು ಅಕ್ಕಾ."

ಆ ಸಾರಿನ ರುಚಿಯನ್ನು ನಾನು ಸ್ಟ್ಯಾಂಡಿಗೆ ಹೊರಡುವ ಮೊದಲೇ ನೋಡಿದ್ದೆ. ಉಪ್ಪು ಸರಿಯಾಗಿಯೇ ಇತ್ತು. ಆದರೆ ಮದುವೆಯಾಗಿ ಬಂದ ದಿನದಿಂದ ಇಂದಿನವರೆಗೆ ತವರಿನವರೊಬ್ಬರೂ ಉಂಡು ಅವಳ ಅಡಿಗೆಗೆ ಹೆಸರಿಟ್ಟಿರಲಿಲ್ಲ. ಆಯಿಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. "ಹೌದನಾ? ಕಮ್ಮಿ ಆಯ್ತನಾ?" ಎನ್ನುತ್ತ ಅವಳು ಉಪ್ಪು ತರಲು ಎದ್ದಳು.